ನಗು ಯಾರದು, ಮಾತು ಯಾರದು? ಇಂಗ್ಲಿಷ್ ತರಗತಿಯಲ್ಲಿ ‘ಗ್ರಾನ್ ಟೊರಿನೊ’

ಭಾಷೆಯ ತರಗತಿಗೆ ಸಿನಿಮಾ ಬಂದು ಬಹಳ ಕಾಲವಾಯಿತು. ಪರಭಾಷೆ ಕಲಿಸುವ ಮೇಷ್ಟ್ರುಗಳಿಗಂತೂ ಅದರ ಮೇಲೆ ವಿಶೇಷ ಪ್ರೀತಿ. ಪಾಠಪುಸ್ತಕದ ಇಂಗ್ಲಿಷನ್ನು ಯಾರೂ ಆಡುವುದಿಲ್ಲ. ಸಿನಿಮಾದ ಇಂಗ್ಲಿಷನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮುಖ ನೋಡಿಕೊಂಡು ಆಡುತ್ತಾನೆ. ಅದರಲ್ಲಿ ಸಿಟ್ಟಿರುತ್ತದೆ, ಸಂಕೋಚವಿರುತ್ತದೆ, ನುಂಗಿಕೊಂಡ ಅರ್ಧ ವಾಕ್ಯವಿರುತ್ತದೆ. ಆದರೆ ಭಾಷೆಗಾಗಿ ಕರೆತಂದ ಸಿನಿಮಾ ಒಂಟಿಯಾಗಿ ಬರುವುದಿಲ್ಲ. ಒಂದು ಇಡೀ ಸಮಾಜವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಆ ಸಮಾಜವನ್ನು ತರಗತಿಯಲ್ಲಿ ಹೇಗೆ ಓದಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಇದಕ್ಕೊಂದು ಒಳ್ಳೆಯ ಉದಾಹರಣೆ ಜರ್ಮನಿಯಲ್ಲಿ ಸಿಗುತ್ತದೆ. ಆ ದೇಶದ ನೈಋತ್ಯದಲ್ಲಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ರಾಜಧಾನಿ ಸ್ಟುಟ್‌ಗಾರ್ಟ್. ಮರ್ಸಿಡಿಸ್, ಪೋರ್ಶೆ ಕಾರುಗಳ ಊರು. ನಮ್ಮ ಬೆಂಗಳೂರಿನವರು ಇವತ್ತಿಗೂ ಮೈಕೋ ಎಂದೇ ಕರೆಯುವ ಕಾರ್ಖಾನೆಯ ತಾಯಿಬೇರು, ಅಂದರೆ ಬಾಷ್ ಕಂಪೆನಿ, 1886ರಲ್ಲಿ ಹುಟ್ಟಿದ್ದೂ ಅಲ್ಲೇ. ಆ ರಾಜ್ಯದಲ್ಲಿ ಅಬಿಟೂರ್ ಎಂಬ ಶಾಲಾಂತ್ಯದ ಪರೀಕ್ಷೆಯ ಇಂಗ್ಲಿಷ್ ವಿಷಯಕ್ಕೆ ಕೆಲವು ವರ್ಷ ‘ಗ್ರಾನ್ ಟೊರಿನೊ’ ಎಂಬ ಅಮೆರಿಕನ್ ಸಿನಿಮಾ ಕಡ್ಡಾಯ ಪಠ್ಯವಾಗಿತ್ತು. ‘ಸೇರಿದವರಾಗುವುದರ ಗೊಂದಲ’ ಎಂದು ಕನ್ನಡಿಸಬಹುದಾದ ಒಂದು ತಲೆಬರಹದ ಕೆಳಗೆ ಹದಿನೇಳು ಹದಿನೆಂಟರ ಮಕ್ಕಳು ಅದನ್ನು ಕಾದಂಬರಿಯೊಂದನ್ನು ಓದುವಂತೆಯೇ ಓದಿದರು, ಅದರ ಮೇಲೆ ಪ್ರಬಂಧ ಬರೆದರು. ಜರ್ಮನಿಯಲ್ಲಿ ಹೊರದೇಶದ ಚಿತ್ರಗಳನ್ನು ಸಾಮಾನ್ಯವಾಗಿ ಡಬ್ ಮಾಡಿಯೇ ತೋರಿಸುತ್ತಾರೆ. ಹಾಗಾಗಿ ಅನೇಕ ಮಕ್ಕಳಿಗೆ ಆ ಪಾತ್ರಗಳ ಸ್ವಂತ ದನಿ ಕಿವಿಗೆ ಬಿದ್ದದ್ದು ತರಗತಿಯಲ್ಲೇ ಇರಬೇಕು.

ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ, ತಾನೇ ಮುಖ್ಯ ಪಾತ್ರ ವಹಿಸಿದ ಈ ಚಿತ್ರ ಅಮೆರಿಕದಲ್ಲಿ ತೆರೆಗೆ ಬಂದದ್ದು 2008ರ ಡಿಸೆಂಬರಿನಲ್ಲಿ. ಚಿತ್ರಕಥೆ ನಿಕ್ ಶೆಂಕ್ ಅವರದು. ವಾಲ್ಟ್ ಕೊವಾಲ್ಸ್ಕಿ ಎಂಬಾತ ಪೋಲೆಂಡ್ ಮೂಲದ ಮುದುಕ. ಕೊರಿಯಾ ಯುದ್ಧದಲ್ಲಿ ಹೋರಾಡಿದವನು, ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿಯ ಶವಸಂಸ್ಕಾರದಿಂದ ಚಿತ್ರ ಆರಂಭವಾಗುತ್ತದೆ. ಮಕ್ಕಳು ದೂರವಾಗಿದ್ದಾರೆ. ಒಬ್ಬ ಮಗನಂತೂ ಜಪಾನೀ ಕಾರುಗಳನ್ನು ಮಾರುತ್ತಾನೆ, ಅಪ್ಪನ ಕಣ್ಣಲ್ಲಿ ಅದಕ್ಕಿಂತ ದೊಡ್ಡ ದ್ರೋಹವಿಲ್ಲ. ಹಳೆಯ ನೆರೆಹೊರೆಯವರೆಲ್ಲ ಬಿಟ್ಟುಹೋದ ಬೀದಿಯಲ್ಲಿ ಈಗ ಮೊಂಗ್ ಜನಾಂಗದವರು ಬಂದು ನೆಲೆಸಿದ್ದಾರೆ. ಪಕ್ಕದ ಮನೆಯ ಹುಡುಗ ಥಾವೋ ಪುಂಡರ ಗುಂಪಿನ ಒತ್ತಾಯಕ್ಕೆ ಸಿಕ್ಕಿ, ವಾಲ್ಟ್ ಜೀವದಂತೆ ಕಾಪಾಡಿಕೊಂಡಿರುವ 1972ರ ಗ್ರಾನ್ ಟೊರಿನೊ ಕಾರನ್ನು ಕದಿಯಲು ಬರುತ್ತಾನೆ, ಸಿಕ್ಕಿಬೀಳುತ್ತಾನೆ. ಪ್ರಾಯಶ್ಚಿತ್ತವಾಗಿ ಮುದುಕನ ಬಳಿ ಕೆಲಸಕ್ಕೆ ನಿಲ್ಲುತ್ತಾನೆ. ಹುಡುಗನ ಅಕ್ಕ ಸೂ ಚುರುಕು ಮಾತಿನ ಹುಡುಗಿ. ಅವಳಿಂದ ಮುದುಕ ಆ ಮನೆಯ ಅಡುಗೆಕೋಣೆಯವರೆಗೂ ಬರುತ್ತಾನೆ. ಕೊನೆಗೆ ಪುಂಡರು ಸೂ ಮೇಲೆ ಅತ್ಯಾಚಾರ ಮಾಡಿದಾಗ ವಾಲ್ಟ್ ಬರಿಗೈಯಲ್ಲಿ ಅವರ ಮನೆಯೆದುರು ಹೋಗಿ ನಿಂತು, ಕೋಟಿನೊಳಗೆ ಕೈಹಾಕಿ ಬಂದೂಕು ತೆಗೆಯುವಂತೆ ನಟಿಸಿ, ಗುಂಡು ತಿಂದು ಸಾಯುತ್ತಾನೆ. ಪುಂಡರು ಜೈಲಿಗೆ, ಕಾರು ಥಾವೋಗೆ.

ಇಂಥ ಕಥೆ ತರಗತಿಗೆ ಬಂದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಪಟ್ಟಿ ತಯಾರಾಗುತ್ತದೆ. ಜನಾಂಗದ್ವೇಷ, ತಲೆಮಾರುಗಳ ಅಂತರ, ಗಂಡಸುತನ, ಅಪರಾಧಪ್ರಜ್ಞೆ ಮತ್ತು ಪ್ರಾಯಶ್ಚಿತ್ತ. ಆಮೇಲೆ ಸಂಕೇತಗಳು: ಕಾರು, ಧ್ವಜ, ಸಿಗರೇಟು ಹಚ್ಚುವ ಲೈಟರು, ಶಿಲುಬೆಯಂತೆ ಕೈಚಾಚಿ ಬಿದ್ದ ದೇಹ. ಮಾರುಕಟ್ಟೆಯ ಗೈಡುಗಳಲ್ಲಿ ಇವೆಲ್ಲ ಒಪ್ಪವಾಗಿ ಸಿಗುತ್ತವೆ. ಪ್ರಬಂಧದ ಸಾರವೂ ಹೆಚ್ಚುಕಡಿಮೆ ನಿಗದಿಯಾದದ್ದೇ: ಪೂರ್ವಗ್ರಹ ತುಂಬಿದ್ದ ಮುದುಕ ನೆರೆಮನೆಯವರನ್ನು ಅರಿತು ಬದಲಾದ, ಅವರಿಗಾಗಿ ಪ್ರಾಣ ಕೊಟ್ಟ.

ಉರ್ದು ಮತ್ತು ಕನ್ನಡಗಳಲ್ಲಿ ಓದು ಕಲಿತು, ಮೂರನೆಯದಾಗಿ ಇಂಗ್ಲಿಷಿಗೆ ಬಂದ ನನ್ನಂಥವರಿಗೆ ಈ ವಿಧಾನ ಚೆನ್ನಾಗಿ ಗೊತ್ತು. ಪಾಠ ಯಾವುದಾದರೇನು, ಮೇಷ್ಟ್ರು ಅದರ ಸಾರ ಹೇಳಿ ಬರೆಸುತ್ತಿದ್ದರು. ಸಾರಾಂಶಕ್ಕೆ ಉರ್ದುವಿನಲ್ಲಿ ‘ಖುಲಾಸಾ’ ಎನ್ನುತ್ತಾರೆ. ಅದೇ ಶಬ್ದ ಕನ್ನಡಕ್ಕೆ ಬಂದು ‘ಖುಲಾಸೆ’ಯಾದಾಗ ಅದರ ಅರ್ಥ ಆರೋಪದಿಂದ ಬಿಡುಗಡೆ. ‘ಗ್ರಾನ್ ಟೊರಿನೊ’ದಂಥ ಸಿನಿಮಾದ ಸಾರಾಂಶ ಬರೆದು ಪುಸ್ತಕ ಮುಚ್ಚುವ ತರಗತಿಗೆ ಎರಡು ಅರ್ಥವೂ ಸರಿಯಾಗಿ ಹೊಂದುತ್ತದೆ. ವಾಲ್ಟ್ ಖುಲಾಸೆಯಾಗುತ್ತಾನೆ, ಚಿತ್ರ ಖುಲಾಸೆಯಾಗುತ್ತದೆ, ನೋಡಿದ ನಾವೂ ಖುಲಾಸೆ.

ನನ್ನ ವಾದವಿಷ್ಟು. ಸಿನಿಮಾದ ಸಾಮಾಜಿಕ ವಸ್ತುವನ್ನು ಶೋಧಿಸಲು ಸಮಾಜಶಾಸ್ತ್ರದ ತರಗತಿಯಲ್ಲಿಲ್ಲದ ಒಂದು ಸಲಕರಣೆ ಭಾಷೆಯ ತರಗತಿಯಲ್ಲಿದೆ. ಭಾಷೆ ಕಲಿಯುವವನು ನಿಧಾನ. ಊರಿನವರು ಕೇಳಿ ದಾಟಿಹೋಗುವ ಮಾತಿನ ಮುಂದೆ ಅವನು ನಿಲ್ಲುತ್ತಾನೆ. ಇದರ ಅರ್ಥವೇನು, ಇದನ್ನು ಯಾರು ಯಾರಿಗೆ ಹೇಳಬಹುದು, ನಾನು ಹೇಳಿದರೆ ಏನಾದೀತು ಎಂದು ಕೇಳುತ್ತಾನೆ. ‘ಜನಾಂಗದ್ವೇಷ’ ಎಂಬ ತಲೆಬರಹಕ್ಕೆ ಹಾರುವ ಬದಲು ಈ ಪ್ರಶ್ನೆಗಳ ಬಳಿಯೇ ಸ್ವಲ್ಪ ಹೊತ್ತು ಕುಳಿತರೆ ಚಿತ್ರದ ಸಮಾಜ ತಾನಾಗಿ ತೆರೆದುಕೊಳ್ಳುತ್ತದೆ. ಅದರ ಒಳ್ಳೆಯತನವೂ ಕಾಣುತ್ತದೆ, ಅದರ ಮಿತಿಯೂ ಕಾಣುತ್ತದೆ.

ಕ್ಷೌರದಂಗಡಿಯ ದೃಶ್ಯವನ್ನೇ ತೆಗೆದುಕೊಳ್ಳಿ. ಚಿತ್ರದ ಅತ್ಯಂತ ಜನಪ್ರಿಯ ಭಾಗ ಇದು, ಮತ್ತು ಇದೊಂದು ಇಂಗ್ಲಿಷ್ ಪಾಠ! ಥಾವೋಗೆ ಕಟ್ಟಡ ಕೆಲಸ ಕೊಡಿಸಬೇಕೆಂದಿರುವ ವಾಲ್ಟ್ ಅವನಿಗೆ ‘ಗಂಡಸರ ಹಾಗೆ’ ಮಾತಾಡಲು ಕಲಿಸಬೇಕೆಂದು ತನ್ನ ಗೆಳೆಯ, ಇಟಲಿ ಮೂಲದ ಕ್ಷೌರಿಕ ಮಾರ್ಟಿನ್ ಬಳಿ ಕರೆದೊಯ್ಯುತ್ತಾನೆ. ಮುದುಕರಿಬ್ಬರೂ ಒಬ್ಬರ ಜಾತಿ ಮೂಲವನ್ನು ಇನ್ನೊಬ್ಬರು ಎತ್ತಿ ಬೈದುಕೊಳ್ಳುತ್ತಾರೆ. ಅದು ಅವರ ಪ್ರೀತಿ. ‘ನೋಡಿದೆಯಲ್ಲ, ಈಗ ಹೊರಗೆ ಹೋಗಿ ಬಂದು ನೀನೂ ಹಾಗೇ ಮಾತಾಡು’ ಎನ್ನುತ್ತಾರೆ. ವಿಧೇಯ ವಿದ್ಯಾರ್ಥಿಯಂತೆ ಹುಡುಗ ಒಳಗೆ ಬಂದು ಕೇಳಿಸಿಕೊಂಡದ್ದನ್ನು ಒಪ್ಪಿಸುತ್ತಾನೆ. ತಕ್ಷಣ ಕ್ಷೌರಿಕ ಬಂದೂಕು ತೆಗೆದು ಅವನತ್ತ ಹಿಡಿಯುತ್ತಾನೆ. ಚಿತ್ರಮಂದಿರ ನಗುತ್ತದೆ.

ಭಾಷಾಪಾಠವಾಗಿ ನೋಡಿದರೆ ಹುಡುಗ ಯಾವ ತಪ್ಪನ್ನೂ ಮಾಡಿಲ್ಲ. ಉಚ್ಚಾರ ಸರಿ, ವ್ಯಾಕರಣ ಸರಿ, ಶಬ್ದ ಸರಿ. ಅವನಿಗಿಲ್ಲದ್ದು ಆ ಶಬ್ದ ಬಳಸುವ ಪರವಾನಗಿ. ಇಟಲಿಯವನು ಪೋಲೆಂಡಿನವನನ್ನು ಬೈಯಬಹುದು, ಪೋಲೆಂಡಿನವನು ಐರಿಷ್ ಮೂಲದವನನ್ನು ಬೈಯಬಹುದು. ಅವರ ನಡುವಿನ ಲೆಕ್ಕ ಎಂದೋ ಚುಕ್ತಾ ಆಗಿದೆ, ಎಲ್ಲರೂ ಬಿಳಿಯರಾಗಿದ್ದಾರೆ. ನಿನ್ನೆ ಬಂದವನು ಅದೇ ಮಾತಾಡಿದರೆ ಬಂದೂಕು ಹೊರಬರುತ್ತದೆ, ತಮಾಷೆಗಾದರೂ ಸರಿ. ಮುದುಕರು ಅವನಿಗೆ ಇನ್ನೊಂದು ದಾರಿ ಕಲಿಸುತ್ತಾರೆ: ಎದುರಿಗಿರುವವನನ್ನು ಬೈಯಬೇಡ, ಅಲ್ಲಿಲ್ಲದವರನ್ನು ಬೈ. ಗಾಡಿ ರಿಪೇರಿಗೆ ಸುಲಿಗೆ ಮಾಡಿದ ಮೆಕ್ಯಾನಿಕ್‌ನನ್ನು ಬೈ. ಹುಡುಗ ಅದನ್ನು ಕಲಿತು ಕೆಲಸದ ಜಾಗದಲ್ಲಿ ಅಂಥದ್ದೇ ಒಂದು ದೂರು ಹೇಳುತ್ತಾನೆ, ಕೆಲಸ ಸಿಗುತ್ತದೆ. ಅವನ ಬಳಿ ಕಾರೇ ಇಲ್ಲ ಎಂಬುದನ್ನು ಮರೆಯಬಾರದು. ಒಂದು ಸಮಾಜಕ್ಕೆ ಸೇರುವುದೆಂದರೆ ಅಲ್ಲಿಯವರ ಸಿಟ್ಟನ್ನು ತನ್ನದೆಂದು ನಟಿಸುವುದು ಎಂಬ ಕಹಿ ಸತ್ಯವನ್ನು ಚಿತ್ರ ಇಲ್ಲಿ ನಗುನಗುತ್ತಲೇ ಹೇಳಿಬಿಟ್ಟಿದೆ. ಹೇಳಿದೆನೆಂದು ಚಿತ್ರಕ್ಕೆ ಗೊತ್ತಿದೆಯೇ? ಅದನ್ನು ಮಕ್ಕಳು ಚರ್ಚಿಸಲಿ.

ಹೆಸರಿನ ವಿಷಯವೂ ಹೀಗೆಯೇ. ವಾಲ್ಟ್ ಥಾವೋನನ್ನು ‘ಟೋಡ್’ ಎನ್ನುತ್ತಾನೆ, ಅಂದರೆ ನೆಲಗಪ್ಪೆ. ಹುಡುಗನಿಗೆ ಇಷ್ಟವಾದ ಯೂವಾ ಎಂಬ ಹುಡುಗಿಯನ್ನು ‘ಯಮ್ ಯಮ್’ ಎನ್ನುತ್ತಾನೆ, ತಿಂಡಿಯ ಹೆಸರಿನ ಹಾಗೆ. ಮುದುಕನ ನಾಲಿಗೆಗೆ ಆ ಹೆಸರುಗಳು ಹೊರಳುವುದಿಲ್ಲವೆಂದಲ್ಲ. ಅವನ ಸ್ವಂತ ಹೆಸರು ಕೊವಾಲ್ಸ್ಕಿ. ಅದನ್ನು ಸರಿಯಾಗಿ ಉಚ್ಚರಿಸಬೇಕೆಂದು ಅವನ ಅಪ್ಪನೋ ಅಜ್ಜನೋ ಎಷ್ಟು ಜನಕ್ಕೆ ಹೇಳಿಕೊಡಬೇಕಾಗಿ ಬಂದಿತ್ತೋ! ಕೊನೆಗೆ ಉಯಿಲು ಓದುವಾಗ ಮಾತ್ರ ಹುಡುಗನ ಪೂರ್ಣ ಹೆಸರು ಬರುತ್ತದೆ, ಗೆಳೆಯ ಎಂಬ ವಿಶೇಷಣದೊಂದಿಗೆ. ಆ ಗಳಿಗೆ ನಿಜಕ್ಕೂ ಮನ ಕಲಕುತ್ತದೆ. ಆದರೆ ಅದೇ ಉಯಿಲಿನಲ್ಲಿ, ಕಾರಿಗೆ ಏನೇನು ಮಾಡಬಾರದು ಎಂಬ ಷರತ್ತುಗಳ ನಡುವೆ, ಬೇರೆ ಸಮುದಾಯಗಳಿಗೆ ಮತ್ತೆ ಬೈಗುಳವಿದೆ. ಒಬ್ಬ ಥಾವೋಗೆ ಹೆಸರು ದೊರೆಯಿತು, ಉಳಿದವರ ಪಾಡು ಹಾಗೆಯೇ ಉಳಿಯಿತು. ಮುದುಕ ಬದಲಾದನೆಂದು ಬರೆಯುವ ವಿದ್ಯಾರ್ಥಿ ಈ ವಾಕ್ಯವನ್ನು ಎಲ್ಲಿ ಇಡುತ್ತಾನೆ? ಇನ್ನೊಂದು ಸೂಕ್ಷ್ಮವಿದೆ. ಹುಡುಗನ ಪೂರ್ಣ ಹೆಸರು ಥಾವೋ ವ್ಯಾಂಗ್ ಲೋರ್. ವ್ಯಾಂಗ್ ಮತ್ತು ಲೋರ್ ಎರಡೂ ಮೊಂಗ್ ಜನರ ಬೇರೆ ಬೇರೆ ಕುಲಗಳ ಹೆಸರು. ಗೌರವದಿಂದ ಕೊಟ್ಟ ಹೆಸರೂ ಆ ಜನರ ಕಿವಿಗೆ ವಿಚಿತ್ರವಾಗಿಯೇ ಕೇಳುತ್ತದೆ.

ಮೊಂಗ್ ಜನರ ಬಗ್ಗೆ ಚಿತ್ರ ನಮಗೆ ಕೊಡುವ ತಿಳಿವಳಿಕೆ ಬಹುಪಾಲು ಸೂ ಬಾಯಿಂದ ಬರುವಂಥದ್ದು. ತಮ್ಮದು ದೇಶವಲ್ಲ, ಜನ. ಲಾವೋಸ್, ಥಾಯ್ಲೆಂಡ್, ಚೀನಾದ ಗುಡ್ಡಗಾಡಿನವರು ಎಂದು ಅವಳು ವಾಲ್ಟ್‌ಗೆ ಕಾರಿನಲ್ಲಿ ವಿವರಿಸುತ್ತಾಳೆ. ಅಮೆರಿಕದ ಪರವಾಗಿ ಹೋರಾಡಿದ ಕಾರಣಕ್ಕೇ ಊರು ಬಿಡಬೇಕಾಯಿತು ಎಂದೂ ಹೇಳುತ್ತಾಳೆ. ಇತಿಹಾಸವೂ ಅದನ್ನೇ ಹೇಳುತ್ತದೆ. 1960ರ ದಶಕದ ಆರಂಭದಿಂದ ಅಮೆರಿಕದ ಗುಪ್ತಚರ ಸಂಸ್ಥೆ ಲಾವೋಸ್‌ನ ಮೊಂಗ್ ಜನರಿಗೆ ಶಸ್ತ್ರ ಕೊಟ್ಟು, ಜನರಲ್ ವಾಂಗ್ ಪಾವ್ ನಾಯಕತ್ವದಲ್ಲಿ ಹೊರಜಗತ್ತಿಗೆ ಗೊತ್ತಿಲ್ಲದ ಯುದ್ಧವೊಂದನ್ನು ಮಾಡಿಸಿತು. 1975ರಲ್ಲಿ ಅಮೆರಿಕ ಕೈಚೆಲ್ಲಿದಾಗ ಸಾವಿರಾರು ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ನಿರಾಶ್ರಿತರ ಶಿಬಿರ ಸೇರಿದರು, ಅಲ್ಲಿಂದ ಮಿನೆಸೊಟಾ, ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯಾಗಳಿಗೆ ಹೋದರು. ಅಮೆರಿಕಕ್ಕೆ ಅವರು ಬಿಟ್ಟಿ ಅತಿಥಿಗಳಲ್ಲ. ಮುಂಗಡವಾಗಿ ರಕ್ತ ಕೊಟ್ಟು ಬಂದವರು.

ಇಷ್ಟನ್ನು ಕಾರಿನ ಸವಾರಿಯಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕಾದ ಭಾರ ಒಬ್ಬ ಹುಡುಗಿಯ ಮೇಲೆ ಬಿದ್ದಿದೆ. ಮನೆಯ ಔತಣದಲ್ಲೂ ಅವಳೇ ದುಭಾಷಿ. ತಲೆ ಮುಟ್ಟಬೇಡ, ಕಣ್ಣಿಗೆ ಕಣ್ಣಿಟ್ಟು ನೋಡಬೇಡ ಎಂದು ಮುದುಕನಿಗೆ ಹೇಳಿಕೊಡುವವಳು ಅವಳು. ಮನೆಗೆ ಬಂದ ಮಾಂತ್ರಿಕ ವಾಲ್ಟ್‌ನ ಮುಖ ನೋಡಿ ಅವನ ಒಳಗಿನ ಅಶಾಂತಿಯನ್ನು ಓದುತ್ತಾನೆ. ಅದೂ ಸೂಳ ಇಂಗ್ಲಿಷಿನಲ್ಲೇ ನಮ್ಮನ್ನು ತಲಪುತ್ತದೆ. ಅಲ್ಪಸಂಖ್ಯಾತರ ಮನೆಗಳಲ್ಲಿ ಬೆಳೆದವರಿಗೆ ಈ ದುಭಾಷಿ ಮಕ್ಕಳ ಪರಿಚಯವಿದೆ. ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಅಮ್ಮೀಜಾನರ ಮಾತನ್ನು ಸಾಹೇಬರಿಗೂ ಸಾಹೇಬರ ಮಾತನ್ನು ಅಮ್ಮೀಜಾನರಿಗೂ ದಾಟಿಸುವ ಮಕ್ಕಳು. ದಾಟಿಸುತ್ತ ದಾಟಿಸುತ್ತ ಸ್ವಂತ ಮಾತಿಗೆ ಜಾಗವೇ ಇಲ್ಲದಂತಾದವರು.

ಚಿತ್ರದಲ್ಲಿ ಸೂಗೆ ಏನಾಗುತ್ತದೆ ನೋಡಿ. ಪುಂಡರ ಅತ್ಯಾಚಾರಕ್ಕೆ ಗುರಿಯಾಗಿ ರಕ್ತಸಿಕ್ತಳಾಗಿ ಮನೆಗೆ ಬಂದ ಮೇಲೆ ಅವಳ ಮಾತು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅಲ್ಲಿಯವರೆಗೆ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವಳು, ಬೀದಿಯ ಪೋಕರಿಗಳಿಗೂ ಎದುರುತ್ತರ ಕೊಡುತ್ತಿದ್ದವಳು ಅವಳು. ಮುಂದಿನ ಕಥೆ ವಾಲ್ಟ್‌ನ ಸಿಟ್ಟಿನದು, ವಾಲ್ಟ್‌ನ ಪಾಪನಿವೇದನೆಯದು, ವಾಲ್ಟ್‌ನ ತ್ಯಾಗದ್ದು. ಅವಳ ನೋವು ಅವನ ಕಥೆಗೆ ಸೌದೆಯಾಗುತ್ತದೆ. ಚಿತ್ರದ ಮುಕ್ತಾಯವೂ ಇದೇ ಜಾಡಿನದು. ಪೊಲೀಸರ ಮುಂದೆ ಬಾಯಿಬಿಡದ ಜನ ಎಂದು ಮೊಂಗ್ ಜನರ ಬಗ್ಗೆ ಮೊದಲೇ ಹೇಳಿಸಲಾಗಿದೆ. ವಾಲ್ಟ್ ಬಿದ್ದ ಮೇಲೆ ಈ ಸಲ ಸಾಕ್ಷಿಗಳಿದ್ದಾರೆಂದು ನಮಗೆ ತಿಳಿಯುತ್ತದೆ. ಕಥೆಯ ನಿಜವಾದ ತಿರುವು ಅದೇ: ಹೆದರಿ ಕೂತಿದ್ದ ಒಂದು ಸಮುದಾಯ ಬಾಯಿಬಿಟ್ಟಿತು. ಆದರೆ ಆ ಸಾಕ್ಷಿ ಯಾರು, ಯಾವ ಭಾಷೆಯಲ್ಲಿ ಏನು ಹೇಳಿದರು, ಹೇಳುವಾಗ ಕೈ ನಡುಗಿತೋ ಇಲ್ಲವೋ, ಚಿತ್ರ ಕೇಳಿಸುವುದಿಲ್ಲ. ಕಥೆ ಬರೆಯುವವನಾಗಿ ನನಗೆ ಈ ಚಿತ್ರದಲ್ಲಿ ಬರೆಯಬೇಕೆನಿಸುವ ದೃಶ್ಯ ಅದೊಂದೇ. ಇಂಗ್ಲಿಷ್ ತರಗತಿಯಲ್ಲಿ ಮಕ್ಕಳಿಗೆ ಬರೆಯಲು ಕೊಡಬೇಕಾದ ಅಭ್ಯಾಸವೂ ಅದೇ.

ಇನ್ನು ಊರಿನ ವಿಷಯ. ಚಿತ್ರೀಕರಣಕ್ಕೆ ವಾಲ್ಟ್‌ನ ಮನೆಯಾಗಿ ಆರಿಸಿಕೊಂಡದ್ದು ಡೆಟ್ರಾಯಿಟ್ ನಗರ ಸುತ್ತುವರಿದಿರುವ ಹೈಲ್ಯಾಂಡ್ ಪಾರ್ಕ್ ಎಂಬ ಪುಟ್ಟ ಊರನ್ನು. ಚಿತ್ರಕಥೆಯ ಮೂಲ ಮಿನೆಸೊಟಾದ್ದು. ಮಿಷಿಗನ್ ರಾಜ್ಯ ಕೊಡುತ್ತಿದ್ದ ತೆರಿಗೆ ರಿಯಾಯಿತಿಯಿಂದಾಗಿ ಅದು ಡೆಟ್ರಾಯಿಟ್‌ಗೆ ಬಂತು. ಹೀಗೆ ಆಕಸ್ಮಿಕವಾಗಿ ಸಿಕ್ಕ ಜಾಗ ಚಿತ್ರಕ್ಕಿಂತ ಹೆಚ್ಚು ಮಾತಾಡುತ್ತದೆ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ್ದು ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ. 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದೂ ಅಲ್ಲೇ. ಕಾರ್ಮಿಕರಲ್ಲಿ ಹತ್ತರಲ್ಲಿ ಏಳು ಮಂದಿ ಹೊರದೇಶದಲ್ಲಿ ಹುಟ್ಟಿದವರು, ಅವರಲ್ಲಿ ಪೋಲೆಂಡಿನವರು ಬಹಳ. ಅದೇ ವರ್ಷ ಕಂಪೆನಿ ಅವರಿಗಾಗಿ ‘ಫೋರ್ಡ್ ಇಂಗ್ಲಿಷ್ ಶಾಲೆ’ ತೆರೆಯಿತು. ಇಂಗ್ಲಿಷ್ ಬಾರದವರು ಅಲ್ಲಿ ಕಲಿಯಲೇಬೇಕಿತ್ತು. ಬೆಳಗ್ಗೆ ಏಳುವುದು, ಮುಖ ತೊಳೆಯುವುದು, ಊಟದ ಮೇಜು, ಕಾರ್ಖಾನೆಯ ಕೆಲಸ, ಇವೇ ಪಾಠಗಳು. ಪದವಿ ಪ್ರದಾನದ ದಿನ ವೇದಿಕೆಯ ಮೇಲೆ ಬೃಹತ್ ಕಡಾಯಿಯೊಂದನ್ನು ಇಡುತ್ತಿದ್ದರು. ತಮ್ಮ ತಮ್ಮ ದೇಶದ ಉಡುಪಿನಲ್ಲಿ ಬಂದ ಕಾರ್ಮಿಕರು ಅದರೊಳಗೆ ಇಳಿದು, ಅಮೆರಿಕನ್ ಸೂಟು ತೊಟ್ಟು, ಕೈಯಲ್ಲಿ ಅಮೆರಿಕದ ಬಾವುಟ ಹಿಡಿದು ಹೊರಬರುತ್ತಿದ್ದರು.

ಇಂಗ್ಲಿಷ್ ತರಗತಿಯಲ್ಲಿ ‘ಗ್ರಾನ್ ಟೊರಿನೊ’ ಓದುವವರಿಗೆ ಇದಕ್ಕಿಂತ ಒಳ್ಳೆಯ ಪೂರಕ ಪಾಠ ಎಲ್ಲಿ ಸಿಕ್ಕೀತು! ವಾಲ್ಟ್‌ನಂಥವರ ಅಜ್ಜಂದಿರು ಆ ಕಡಾಯಿಯಲ್ಲಿ ಇಳಿದು ಎದ್ದವರು. ಕ್ಷೌರದಂಗಡಿಯಲ್ಲಿ ಮೊಮ್ಮಗ ಥಾವೋಗೆ ಮಾಡುವ ಪಾಠ ಆ ಹಳೆಯ ಶಾಲೆಯ ಮುಂದುವರಿಕೆಯೇ. ಕಡಾಯಿ ಚಿಕ್ಕದಾಗಿದೆ ಅಷ್ಟೆ. ಇದು ಮೊದಲು ‘ನಮ್ಮವರ’ ಬೀದಿಯಾಗಿತ್ತು, ಈಗ ‘ಅವರು’ ಬಂದರು ಎಂಬ ವಾಲ್ಟ್‌ನ ಗೊಣಗಾಟವನ್ನು ಪ್ರಶ್ನಿಸಲೂ ಈ ಚರಿತ್ರೆ ಬೇಕು. ಆ ಊರು ಎಂದೂ ಒಬ್ಬರದಾಗಿರಲಿಲ್ಲ. ಫೋರ್ಡ್ ಕೆಲಸಕ್ಕೆ ಸಿರಿಯಾ ಕಡೆಯಿಂದಲೂ ಜನ ಬಂದಿದ್ದರು. ಅಮೆರಿಕದಲ್ಲಿ ಮಸೀದಿಗೆಂದೇ ಕಟ್ಟಿದ ಮೊಟ್ಟಮೊದಲ ಕಟ್ಟಡಗಳಲ್ಲೊಂದು 1921ರಲ್ಲಿ ಎದ್ದು ನಿಂತದ್ದು ಇದೇ ಹೈಲ್ಯಾಂಡ್ ಪಾರ್ಕಿನಲ್ಲಿ. ಮುಂದೆ ಕಾರ್ಖಾನೆಗಳು ಮುಚ್ಚಿದವು, ಬಿಳಿಯರು ಉಪನಗರಗಳಿಗೆ ಹೋದರು. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯಿಟ್ ಜನಸಂಖ್ಯೆ 2010ರ ಹೊತ್ತಿಗೆ ಸುಮಾರು 7 ಲಕ್ಷಕ್ಕೆ ಇಳಿಯಿತು. ಬೀದಿ ಖಾಲಿಯಾದದ್ದು ಮೊಂಗ್ ಜನ ಬಂದದ್ದರಿಂದಲ್ಲ.

ಇದೇ ಊರಿನಲ್ಲಿ ನಡೆದ ಇನ್ನೊಂದು ಘಟನೆಯ ಬಗ್ಗೆ ಚಿತ್ರ ತುಟಿ ಬಿಚ್ಚುವುದಿಲ್ಲ. 1982ರ ಜೂನ್ 19ರ ರಾತ್ರಿ ಹೈಲ್ಯಾಂಡ್ ಪಾರ್ಕಿನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಚೀನೀ ಮೂಲದ ಅಮೆರಿಕನ್ ಯುವಕನನ್ನು ಇಬ್ಬರು ಬಿಳಿಯರು ಬೇಸ್‌ಬಾಲ್ ಬ್ಯಾಟಿನಿಂದ ಬಡಿದರು. ಅವನ ಮದುವೆಗೆ ಕೆಲವೇ ದಿನಗಳಿದ್ದವು. ನಾಲ್ಕು ದಿನಗಳ ನಂತರ ಆತ ತೀರಿಕೊಂಡ. ಹೊಡೆದವರಲ್ಲಿ ಒಬ್ಬ ಕ್ರೈಸ್ಲರ್ ಕಾರು ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಅವನ ಮಲಮಗ, ಕಾರು ಕಾರ್ಖಾನೆಯ ಕೆಲಸ ಕಳೆದುಕೊಂಡವನು. ಜಪಾನೀ ಕಾರುಗಳಿಂದ ತಮ್ಮ ಕೆಲಸ ಹೋಯಿತೆಂಬ ರೋಷ ಆಗ ಇಡೀ ಡೆಟ್ರಾಯಿಟನ್ನು ಆವರಿಸಿತ್ತು. ಆ ರಾತ್ರಿಯ ಜಗಳದಲ್ಲಿ ಅಂಥ ಮಾತು ಕೇಳಿಸಿಕೊಂಡೆನೆಂದು ಸಾಕ್ಷಿ ನುಡಿಯಲಾಯಿತು. ಸತ್ತವನು ಜಪಾನಿನವನೇ ಅಲ್ಲ. 1983ರಲ್ಲಿ ನ್ಯಾಯಾಲಯ ಕೊಟ್ಟ ಶಿಕ್ಷೆ ಮೂರು ವರ್ಷಗಳ ನಡತೆ ನಿಗಾ ಮತ್ತು 3,000 ಡಾಲರ್ ದಂಡ. ಒಂದು ದಿನದ ಜೈಲೂ ಇಲ್ಲ. ಜನ ಬೀದಿಗಿಳಿದ ಮೇಲೆ ನಾಗರಿಕ ಹಕ್ಕುಗಳ ಉಲ್ಲಂಘನೆಯ ಮೊಕದ್ದಮೆ ನಡೆಯಿತು. ಮೇಲ್ವಿಚಾರಕನಿಗೆ 1984ರಲ್ಲಿ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ಅದು ರದ್ದಾಗಿ, 1987ರಲ್ಲಿ ಅವನು ಖುಲಾಸೆಯಾದ.

ವಾಲ್ಟ್‌ನ ಬಾಯಲ್ಲಿ ಬರುವ ಬೈಗುಳಗಳನ್ನು ಈ ಘಟನೆಯ ಪಕ್ಕದಲ್ಲಿಟ್ಟು ಕೇಳಬೇಕು. ಅವನೂ ಕಾರು ಕಾರ್ಖಾನೆಯವನು, ಜಪಾನೀ ಕಾರು ಕಂಡರೆ ಉರಿಯುವವನು, ಏಷ್ಯಾದ ಮುಖಗಳ ನಡುವೆ ಚೀನಾ, ಕೊರಿಯಾ, ಮೊಂಗ್ ಎಂಬ ಭೇದ ಮಾಡದವನು. ಚಿತ್ರದಲ್ಲಿ ಆ ಮಾತು ನಗೆಗೆ ವಸ್ತುವಾಗುತ್ತದೆ. ಮುದುಕನ ಬಾಯಿ ಕೆಟ್ಟದು, ಮನಸ್ಸು ಒಳ್ಳೆಯದು ಎಂಬಲ್ಲಿಗೆ ಮುಟ್ಟುತ್ತದೆ. ಹೈಲ್ಯಾಂಡ್ ಪಾರ್ಕಿನ ಬೀದಿಯಲ್ಲಿ ಅದೇ ಬಗೆಯ ಮಾತಿನ ಹಿಂದೆ ಬ್ಯಾಟು ಬಂದಿತ್ತು. ಚಿತ್ರದಲ್ಲಿ ಏಷ್ಯಾದವರ ಮೇಲಿನ ಹಿಂಸೆ ಬಹುಪಾಲು ಏಷ್ಯಾದ ಪುಂಡರಿಂದಲೇ ನಡೆಯುತ್ತದೆ, ಬಿಳಿಯ ಕಾರ್ಮಿಕ ರಕ್ಷಕನಾಗುತ್ತಾನೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಕ್ರಿಸ್ಟೀನ್ ಚಾಯ್ ಮತ್ತು ರೆನೀ ತಾಜಿಮಾ 1987ರಲ್ಲಿ ‘ಹೂ ಕಿಲ್ಡ್ ವಿನ್ಸೆಂಟ್ ಚಿನ್?’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಎರಡೂ ಚಿತ್ರಗಳನ್ನು ಒಂದೇ ವಾರ ತರಗತಿಯಲ್ಲಿ ತೋರಿಸಿದರೆ ಮೇಷ್ಟ್ರು ಹೆಚ್ಚು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ನಗುವಿನ ಬಗ್ಗೆ ಮೊದಲು ಮಾತಾಡಿದವನು ಥಾವೋನೇ. ಅಂದರೆ ಆ ಪಾತ್ರ ಮಾಡಿದ ಬೀ ವ್ಯಾಂಗ್. ಮಿನೆಸೊಟಾದಲ್ಲಿ ಬೆಳೆದ ಈ ಮೊಂಗ್ ಹುಡುಗನಿಗೆ ಸಿನಿಮಾ ಹೊಸದು. ಚಿತ್ರ ಬಂದ ಮೇಲೆ ಅವನು ಓದು ಮುಂದುವರಿಸಿದ, ಮಾನವಶಾಸ್ತ್ರಜ್ಞೆ ಲೂಯಿಸಾ ಶೈನ್ ಅವರ ಜೊತೆ ಸೇರಿ ತಾನೇ ನಟಿಸಿದ ಚಿತ್ರವನ್ನು ವಿಮರ್ಶಿಸತೊಡಗಿದ, 2010ರಲ್ಲಿ ಅದರ ಅಣಕವಾಗಿ ಒಂದು ಕಿರುಚಿತ್ರವನ್ನೂ ಹೊರತಂದ. ಕೊರೋನಾ ಕಾಲದಲ್ಲಿ ಅಮೆರಿಕದ ಬೀದಿಗಳಲ್ಲಿ ಏಷ್ಯಾ ಮೂಲದವರ ಮೇಲೆ ಹಲ್ಲೆಗಳು ನಡೆಯುತ್ತಿದ್ದಾಗ, 2021ರ ಫೆಬ್ರವರಿಯಲ್ಲಿ, ಅವನು ಬರೆದ ಲೇಖನ ಬಹಳ ಚರ್ಚೆಯಾಯಿತು. ಬಿಳಿಯರೇ ತುಂಬಿದ್ದ ಚಿತ್ರಮಂದಿರಗಳಲ್ಲಿ ಆ ಬೈಗುಳಗಳಿಗೆ ಎದ್ದ ನಗು ತನ್ನನ್ನು ಕಂಗೆಡಿಸಿತ್ತು, ನಿರಪಾಯದ ತಮಾಷೆ ಎಂದು ಆಗ ಸಮರ್ಥಿಸಿಕೊಂಡದ್ದು ಏಷ್ಯನ್ ವಿರೋಧಿ ದ್ವೇಷವನ್ನು ಸಹಜವೆನ್ನಿಸಿತು ಎಂಬುದು ಅವನ ಮಾತಿನ ತಾತ್ಪರ್ಯ. ಪಾತ್ರಕ್ಕೆ ಇಲ್ಲದ ಪರವಾನಗಿಯನ್ನು ನಟ ಹೀಗೆ ತಾನೇ ಪಡೆದುಕೊಂಡ. ಬೈಗುಳದ ಭಾಷೆಯಲ್ಲಲ್ಲ, ವಿಮರ್ಶೆಯ ಭಾಷೆಯಲ್ಲಿ. ‘ಗ್ರಾನ್ ಟೊರಿನೊ’ ಪಠ್ಯವಾಗಿರುವ ಯಾವುದೇ ತರಗತಿಯಲ್ಲಿ ಈ ಲೇಖನ ಪಠ್ಯವಾಗದಿದ್ದರೆ ಪಾಠ ಅರ್ಧವೇ.

ಹಾಗಾದರೆ ಈ ಚಿತ್ರವನ್ನು ತರಗತಿಯಿಂದ ಹೊರಗಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಇದು ಕಳಪೆ ಚಿತ್ರವಲ್ಲ. ಮೊಂಗ್ ಪಾತ್ರಗಳಿಗೆ ಮೊಂಗ್ ಜನರನ್ನೇ ಹುಡುಕಿ ತಂದ ಹಾಲಿವುಡ್‌ನ ಮೊದಲ ದೊಡ್ಡ ಚಿತ್ರವಿದು. ವಾಲ್ಟ್ ಚರ್ಚಿನಲ್ಲಿ ಪಾದ್ರಿಯ ಮುಂದೆ ಸಣ್ಣಪುಟ್ಟ ತಪ್ಪುಗಳನ್ನು ಒಪ್ಪಿಸಿ ಬರುತ್ತಾನೆ. ನಿಜವಾದ ಪಾಪವನ್ನು, ಕೊರಿಯಾದಲ್ಲಿ ಶರಣಾಗಲು ಬಯಸಿದ್ದ ಎಳೆಯ ಹುಡುಗನನ್ನು ಕೊಂದದ್ದನ್ನು, ನೆಲಮಾಳಿಗೆಯ ಜಾಲರಿ ಬಾಗಿಲಿನ ಆಚೆ ಕೂಡಿಹಾಕಿರುವ ಥಾವೋ ಎದುರು ಹೇಳುತ್ತಾನೆ. ಏಷ್ಯಾದ ಒಬ್ಬ ಹುಡುಗನಿಗೆ ಮಾಡಿದ ಅನ್ಯಾಯವನ್ನು ಏಷ್ಯಾದ ಇನ್ನೊಬ್ಬ ಹುಡುಗನ ಮುಂದೆ ಒಪ್ಪಿಕೊಳ್ಳುವ ಆ ದೃಶ್ಯ ಈಸ್ಟ್‌ವುಡ್‌ನ ಒಳ್ಳೆಯ ಕೆಲಸಗಳಲ್ಲೊಂದು. ಬೈಗುಳವಿರುವ ಚಿತ್ರವೆಂದು ನಿಷೇಧಿಸಿದರೆ ಬೈಗುಳ ಬೀದಿಯಲ್ಲಿ ಉಳಿಯುತ್ತದೆ, ಅದನ್ನು ಬಿಡಿಸಿ ನೋಡುವ ಅವಕಾಶ ಮಾತ್ರ ಹೋಗುತ್ತದೆ. ಮೇಷ್ಟ್ರಿಗೆ ಬೇಕಾದದ್ದು ಎಚ್ಚರ. ಆ ಶಬ್ದಗಳ ಅರ್ಥ, ಹುಟ್ಟು, ಗಾಯ ಎಲ್ಲವನ್ನೂ ಕಲಿಸಬೇಕು. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ನಗಿಸಬಾರದು.

ಏಕೆಂದರೆ ತರಗತಿಯಲ್ಲಿ ಕೂತವರು ಯಾರು ಎಂಬುದೂ ಪಾಠದ ಭಾಗ. ಜರ್ಮನಿ 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿತು. ‘ಅತಿಥಿ ಕಾರ್ಮಿಕರು’ ಎಂಬುದು ಅವರಿಗಿಟ್ಟ ಹೆಸರು, ಅಂದರೆ ಒಂದು ದಿನ ಹೊರಡಬೇಕಾದವರು. ಅವರು ಹೊರಡಲಿಲ್ಲ. ಸ್ಟುಟ್‌ಗಾರ್ಟಿನ ಸುತ್ತಲ ಕಾರು ಕಾರ್ಖಾನೆಗಳಲ್ಲಿ ದುಡಿದವರ ಮೊಮ್ಮಕ್ಕಳು ಇಂದು ಅದೇ ಶಾಲೆಗಳಲ್ಲಿ ಇದ್ದಾರೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಜರ್ಮನ್, ತರಗತಿಯಲ್ಲಿ ಇಂಗ್ಲಿಷ್. ಅಂಥ ಹುಡುಗಿಯೊಬ್ಬಳು ‘ಸೇರಿದವರಾಗುವುದರ ಗೊಂದಲ’ದ ಬಗ್ಗೆ ಪ್ರಬಂಧ ಬರೆಯುವಾಗ ಯಾರ ಕಡೆಯಿಂದ ಬರೆಯುತ್ತಾಳೆ? ವಾಲ್ಟ್ ಎಷ್ಟು ಬದಲಾದ ಎಂದು ಬರೆದರೆ ಅಂಕ ಸಿಗುತ್ತದೆ. ಸೂ ಯಾಕೆ ಸುಮ್ಮನಾದಳು ಎಂದು ಬರೆಯಲು ಅವಳಿಗೆ ಹೆಚ್ಚು ಗೊತ್ತಿದೆ. ಪರಭಾಷೆಯ ಒಂದು ಉಪಕಾರವೆಂದರೆ, ಮನೆಯ ಭಾಷೆಯಲ್ಲೂ ಬೀದಿಯ ಭಾಷೆಯಲ್ಲೂ ಹೇಳಲಾಗದ್ದನ್ನು ಕೆಲವೊಮ್ಮೆ ಅದರಲ್ಲಿ ಹೇಳಿಬಿಡಬಹುದು. ಒಳ್ಳೆಯ ಮೇಷ್ಟ್ರಿದ್ದರೆ ಇಂಗ್ಲಿಷ್ ತರಗತಿ ಅಂಥ ಜಾಗವಾಗುತ್ತದೆ.

ಈ ಮಾತು ನಮಗೆ ದೂರದ್ದೇನಲ್ಲ. ನಮ್ಮ ಸಿನಿಮಾ, ನಾಟಕ, ಟಿ.ವಿ. ಹಾಸ್ಯಗಳಲ್ಲಿ ಬರುವ ಸಾಬಿಗೆ ‘ನಮ್ದೂಕೆ ನಿಮ್ದೂಕೆ’ ಎಂಬ ಒಂದೇ ಕನ್ನಡ ಗೊತ್ತು. ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಬಯಲುಸೀಮೆಯಲ್ಲಿ ದಖ್ಖನಿ ಆಡುತ್ತ ಕನ್ನಡದಲ್ಲಿ ಕಥೆ, ಕವಿತೆ ಬರೆದ ಮುಸ್ಲಿಮರ ಪರಂಪರೆಯೇ ಇದ್ದರೂ ತೆರೆಯ ಮೇಲಿನ ಸಾಬಿಯ ವ್ಯಾಕರಣ ಮಾತ್ರ ಸುಧಾರಿಸಿಲ್ಲ. ಪ್ರೇಕ್ಷಕರು ನಗುತ್ತಾರೆ, ಅವರಲ್ಲಿ ಮುಸ್ಲಿಮರೂ ಇರುತ್ತಾರೆ. ಆ ನಗುವಿನಲ್ಲಿ ದ್ವೇಷವೇ ಇದೆಯೆಂದು ನಾನು ಹೇಳಲಾರೆ. ಆದರೆ ಅದು ಯಾರ ನಗು, ಯಾರ ಮಾತಿನ ಮೇಲೆ, ಆ ಮಾತಿನವನು ತಿರುಗಿ ನಗಬಹುದೇ ಎಂದು ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬೇಕು. ಅದನ್ನು ಕಲಿಸಲು ಹೊಸದೊಂದು ವಿಷಯ ತೆರೆಯಬೇಕಾಗಿಲ್ಲ. ಕನ್ನಡ, ಉರ್ದು, ಇಂಗ್ಲಿಷ್, ಯಾವುದಾದರೂ ಒಂದು ಭಾಷೆಯ ಪಿರಿಯಡ್ಡು ಸಾಕು. ಸಿನಿಮಾ ತೋರಿಸಿ, ಜನ ನಗುವ ಜಾಗದಲ್ಲಿ ನಿಲ್ಲಿಸಿ, ಮಾತನ್ನು ಇನ್ನೊಮ್ಮೆ ಕೇಳಿಸಬೇಕು.